ಜಲಗಾರನ ಪಗಾರ

ಕನ್ನಡ ಸಾಹಿತ್ಯದಲ್ಲಿ ಕಸಬರಿಗೆಗೆ ದೊರೆತಷ್ಟು ಮನ್ನಣೆ ಅದನ್ನು ಹಿಡಿದ ಕೈಗೆ ದೊರೆತಿಲ್ಲವೆಂದು ಹೇಳಿದರೆ ಸಹೃದಯರಾದ ವಾಚಕರು ಸಿಟ್ಟಾಗಲಿಕ್ಕಿಲ್ಲವೆಂದು ನಂಬಿದ್ದೇನೆ. ಆ ಮನ್ನಣೆಯೇನೂ ಸಣ್ಣದಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಂಗಳ ಉಡುಗುವ ಕೆಲಸವು ಕಾಯಕವೆಂಬ ಹೆಸರು ಪಡೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಸಾಕ್ಷಾತ್ ಶಿವನೇ ಜಲಗಾರನಾಗಿ ರಂಗಭೂಮಿಗೆ ಬಂದನು. ಇದಕ್ಕಿಂತ ಎತ್ತರದ ಪೀಠವನ್ನು ಯಾವ ಸಾಹಿತ್ಯವೂ ಕಸಬರಿಗೆಗೆ ಕೊಡಲಾರದು. ಆದರೆ ಪೀಠದ ಮೇಲೆ ಕೂಡ್ರಿಸಿದ್ದನ್ನು ನಾವು ಪೂಜಿಸುತ್ತೇವೆಯೇ ಹೊರತು ಅದರ ಯೋಗಕ್ಷೇಮವನ್ನು ವಿಚಾರಿಸುವುದಿಲ್ಲ. ಯೋಗಕ್ಷೇಮ ವಿಚಾರಿಸದ ಪೂಜೆಯು ಸಾಹಿತ್ಯದಲ್ಲಿ ಎಂಥ ಫಲ ಕೊಡುತ್ತದೆ ಎಂಬುದೇ ಈ ಲೇಖನದ ವಿಷಯ.

ಕುವೆಂಪು ಅವರ ‘ಜಲಗಾರ’ ೧೯೨೮ರ ನಾಟಕ. ಅದಕ್ಕೆ ನೂರು ತುಂಬುವ ಕಾಲ ಸಮೀಪಿಸಿದೆ. ಸಮಾರಂಭಗಳು ನಡೆದಾವು, ಉಪನ್ಯಾಸಗಳೂ ಆದಾವು. ಅದಕ್ಕೆ ಮೊದಲು ನಾಟಕವನ್ನು ಇನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು. ಅದನ್ನು ಬರೆದಾಗ ಕವಿ ಇನ್ನೂ ಇಪ್ಪತ್ತೈದು ತುಂಬದ ತರುಣರು. ನಾಟಕ ಚಿಕ್ಕದು, ಕಥೆ ಸರಳ. ಬೀದಿ ಗುಡಿಸುವ ಜಲಗಾರನೊಬ್ಬನಿದ್ದಾನೆ. ಊರ ಜನ ಶಿವನ ಗುಡಿಗೆ ಹೋಗುವವರು. ಅವನಿಗೆ ಆ ಗುಡಿಯ ಬಾಗಿಲು ಮುಚ್ಚಿದೆ. ಅದಕ್ಕಾಗಿ ಅವನು ಗೋಳಾಡುವುದಿಲ್ಲ. ತನ್ನ ಕೆಲಸದಲ್ಲಿಯೇ ತನ್ನ ಪೂಜೆಯನ್ನು ಕಂಡುಕೊಂಡಿದ್ದಾನೆ. ಕೊನೆಗೆ ಶಿವನು ಜಲಗಾರನ ರೂಪದಲ್ಲಿಯೇ ಅವನೆದುರು ಬಂದು ನಿಲ್ಲುತ್ತಾನೆ. ತಾನು ಜಗತ್ತಿನ ಜಲಗಾರನೆಂದು ತಿಳಿಸುತ್ತಾನೆ.

ಈ ನಾಟಕದ ಧೈರ್ಯವನ್ನು ಅಳೆಯಬೇಕಾದರೆ ಅದು ಹುಟ್ಟಿದ ಕಾಲವನ್ನು ನೆನೆಯಬೇಕು. ಅದಕ್ಕೆ ಒಂದು ವರ್ಷ ಹಿಂದೆ, ೧೯೨೭ರಲ್ಲಿ, ಡಾಕ್ಟರ್ ಅಂಬೇಡಕರರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದರು. ಎರಡು ವರ್ಷ ಮುಂದೆ, ೧೯೩೦ರಲ್ಲಿ, ನಾಶಿಕದ ಕಾಳಾರಾಮ ಗುಡಿಯ ಮುಂದೆ ಸತ್ಯಾಗ್ರಹ ಆರಂಭವಾಗಲಿತ್ತು. ಕಾರಂತರ ‘ಚೋಮನ ದುಡಿ’ ಬೆಳಕು ಕಂಡದ್ದು ೧೯೩೩ರಲ್ಲಿ. ಇವೆರಡರ ನಡುವೆ ಮೈಸೂರಿನ ತರುಣ ಕವಿಯೊಬ್ಬರು ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಗುಡಿಯೊಳಗೆ ಜಲಗಾರನನ್ನು ಬಿಡಬೇಕೆ ಬೇಡವೆ ಎಂದು ಊರು ಚರ್ಚಿಸುತ್ತಿರುವಾಗ, ಗುಡಿಯೊಳಗೆ ದೇವರು ಇದ್ದಾನೆಯೆ ಎಂದು ಅವರು ಕೇಳಿದರು. ಇದು ಬರಿಯ ಜಾಣತನದ ಮಾತಲ್ಲ. ಪೂಜಾರಿಯ ಕೈಯಲ್ಲಿದ್ದ ಕೀಲಿಕೈಯನ್ನು ನಿರುಪಯೋಗಿ ಮಾಡಿಬಿಡುವ ಮಾತು. ಬಾಗಿಲ ಹೊರಗೆ ದೇವರೇ ನಿಂತ ಮೇಲೆ ಬಾಗಿಲು ಮುಚ್ಚಿದರೆಷ್ಟು, ತೆರೆದರೆಷ್ಟು? ನಾಟಕದ ಈ ಹಿರಿಮೆಯನ್ನು ಒಪ್ಪಿಕೊಂಡೇ ನಾನು ಮುಂದಿನ ಮಾತಿಗೆ ಬರುತ್ತೇನೆ.

ನಾನು ಕನ್ನಡ ಕಲಿಸುವವನು. ‘ಜಲಗಾರ’ವನ್ನು ಹಲವು ವರ್ಷ ಪಾಠ ಹೇಳಿದ್ದೇನೆ. ನಮ್ಮ ಕಾಲೇಜಿಗೆ ಹುಕ್ಕೇರಿ, ಗೋಕಾಕ ತಾಲೂಕುಗಳ ಹಳ್ಳಿಗಳಿಂದ ಹುಡುಗರು ಬರುತ್ತಾರೆ. ಅವರಲ್ಲೊಬ್ಬ ಹತ್ತರಗಿಯವನು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಹತ್ತರಗಿಯೆಂದರೆ ಟೋಲ್‌ನಾಕೆಯ ಹೆಸರು; ಗಾಡಿ ನಿಲ್ಲಿಸಿ ಹಣ ಕೊಟ್ಟು ಮುಂದೆ ಹೋಗುವ ಜಾಗ. ಆ ಹುಡುಗನಿಗೆ ಅದು ಮನೆ. ಅವನ ತಾಯಿ ದಿನವೂ ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗಿ ಒಂದು ಮೂರು ಮಾಳಿಗೆಯ ಕಟ್ಟಡವನ್ನು ಉಡುಗಿ ಒರೆಸಿ ಬರುವವಳು. ನಾಟಕದ ಕೊನೆಯ ಭಾಗವನ್ನು ನಾನು ವಿವರಿಸಿದೆ; ಶಿವನೂ ಜಲಗಾರನೂ ಬೇರೆಯಲ್ಲವೆಂಬ ತತ್ತ್ವವನ್ನು ಹೇಳಿ, ಯಾರಿಗಾದರೂ ಸಂಶಯವಿದೆಯೆ ಎಂದು ಕೇಳಿದೆ. ಹುಡುಗ ಎದ್ದು ನಿಂತು ಮೆಲ್ಲಗೆ ಕೇಳಿದ: “ಸರ್, ಜಲಗಾರಗ ಪಗಾರಾ ಯಾರು ಕೊಡತಾರ್ರಿ?”

ವರ್ಗದಲ್ಲಿ ನಗೆ ಎದ್ದಿತು. ಹುಡುಗ ನಗಲಿಲ್ಲ. ಅವನದು ಕುಚೋದ್ಯವಲ್ಲ, ಮನೆಯ ಅನುಭವದಿಂದ ಬಂದ ಪ್ರಶ್ನೆ. ಗುತ್ತಿಗೆದಾರನ ಮೂಲಕ ಬರುವ ಪಗಾರ ತಿಂಗಳು ದಾಟಿದರೂ ಬಾರದಿದ್ದಾಗ ಯಾರನ್ನು ಕೇಳಬೇಕೆಂಬುದು ಅವನ ತಾಯಿಗೆ ತಿಳಿಯದು. ಕಚೇರಿಯವರನ್ನು ಕೇಳಿದರೆ ಗುತ್ತಿಗೆದಾರನನ್ನು ಕೇಳೆನ್ನುತ್ತಾರೆ. ಗುತ್ತಿಗೆದಾರನನ್ನು ಕೇಳಿದರೆ ಕಚೇರಿಯಿಂದ ಬಿಲ್ಲು ಪಾಸಾಗಿಲ್ಲವೆನ್ನುತ್ತಾನೆ. ಆದುದರಿಂದ ನಾಟಕದಲ್ಲಿ ಅವನು ಮೊದಲು ಹುಡುಕಿದ್ದು ಶಿವನನ್ನಲ್ಲ, ಪಗಾರ ಕೊಡುವವನನ್ನು. ಹುಡುಕಿದ, ಸಿಗಲಿಲ್ಲ.

ನಾಟಕಕ್ಕೆ ಇದು ಹೊರಗಿನ ಪ್ರಶ್ನೆಯೆಂದು ಕೆಲವರು ಹೇಳಬಹುದು. ಕಾವ್ಯಕ್ಕೆ ಅದರದೇ ಆದ ಔಚಿತ್ಯವುಂಟು. ಜಲಗಾರನು ಸಂಕೇತ, ಸಂಕೇತಕ್ಕೆ ಪಗಾರದ ಲೆಕ್ಕವೇಕೆ ಎಂದು ವಾದಿಸಬಹುದು. ಈ ವಾದಕ್ಕೆ ತೂಕವಿದೆ. ಆದರೆ ಸಂಕೇತವು ಎಲ್ಲಿಂದ ಬಂದಿದೆಯೆಂಬುದನ್ನೂ ವಿಮರ್ಶೆ ನೋಡಬೇಕಲ್ಲವೆ? ಕವಿಯು ಕಮಲವನ್ನು ಸಂಕೇತ ಮಾಡಿಕೊಂಡರೆ ಕಮಲಕ್ಕೆ ನಷ್ಟವಿಲ್ಲ. ಬದುಕಿರುವ ಮನುಷ್ಯನನ್ನು, ಅದೂ ಬೆಳಗಿನ ಜಾವ ನಮ್ಮ ಬೀದಿಯಲ್ಲಿಯೇ ಬಾಗಿ ನಿಂತ ಮನುಷ್ಯನನ್ನು, ಸಂಕೇತ ಮಾಡಿಕೊಂಡಾಗ ಅವನಿಗೆ ಏನೋ ಒಂದು ಸಲ್ಲಬೇಕಾಗುತ್ತದೆ. ‘ಜಲಗಾರ’ದ ನಾಯಕನಿಗೆ ಒಂದು ಹೆಸರೂ ಇಲ್ಲ, ಕಸುಬೇ ಅವನ ಹೆಸರು. ಅವನು ಎಲ್ಲಿಂದ ಬಂದು ಎಲ್ಲಿಗೆ ಹಿಂತಿರುಗುತ್ತಾನೆಂಬುದನ್ನು ನಾಟಕ ಅರಸುವುದಿಲ್ಲ. ಅವನಿಗೂ ಊರಿಗೂ ಇರುವ ಸಂಬಂಧವು ಜಾತಿಯ ಮತ್ತು ದೇವರ ಸಂಬಂಧ. ಹಣದ ಸಂಬಂಧವಾಗಿ ಅದು ಕಾಣುವುದೇ ಇಲ್ಲ. ಅವನು ನಿಶ್ಚಿಂತನಾಗಿ ಕೆಲಸದಲ್ಲಿ ದೇವರನ್ನು ಕಾಣಬಲ್ಲನು, ಏಕೆಂದರೆ ಕವಿಯು ಅವನ ಚಿಂತೆಗಳನ್ನು ಮೊದಲೇ ಬೀದಿಯಾಚೆ ಇಟ್ಟಿದ್ದಾರೆ. ಕೊನೆಗೆ ಬರುವ ಜಲಗಾರ ದೇವರು. ದೇವರು ಪಗಾರವಿಲ್ಲದೆ ಯುಗಯುಗಾಂತರ ಕೆಲಸ ಮಾಡಬಲ್ಲನು. ಮನುಷ್ಯನಿಗೆ ಅದು ಸಾಧ್ಯವಿಲ್ಲ. ಇಬ್ಬರೂ ಒಂದೇ ಎಂದು ಸಾರಿದಾಗ ಲಾಭವಾಗುವುದು ಜಲಗಾರನಿಗೋ, ಜಲಗಾರನಿಗೆ ಪಗಾರ ಕೊಡಬೇಕಾದವರಿಗೋ?

ಶಬ್ದಗಳನ್ನು ಸ್ವಲ್ಪ ನೋಡೋಣ. ಶಬ್ದಗಳಲ್ಲಿ ಇತಿಹಾಸ ಅಡಗಿರುತ್ತದೆ. ಹಳೆಯ ಮೈಸೂರಿನ ಕಡೆ ಬೀದಿ ಗುಡಿಸುವವನಿಗೆ ಜಲಗಾರನೆಂಬ ಹೆಸರಿದ್ದರೆ, ಗದಗಿನ ಹತ್ತಿರದ ಕಪ್ಪತಗುಡ್ಡದ ಸೀಮೆಯಲ್ಲಿ ಜಲಗಾರರೆಂದರೆ ಹಳ್ಳದ ಮರಳು ತೊಳೆದು ಬಂಗಾರದ ಕಣ ಆರಿಸುವವರು. ಅಕ್ಕಸಾಲಿಗರ ಅಂಗಡಿಯ ಕಸವನ್ನು ಜಾಲಾಡಿ ಉಳಿದ ಹೊನ್ನಿನ ಪುಡಿ ಹುಡುಕುವ ಕೆಲಸವೂ ಇಂಥವರದೇ. ಕಸವನ್ನೂ ಚಿನ್ನವನ್ನೂ ಒಂದೇ ಕೈ ಮುಟ್ಟಿದ ನೆನಪು ಈ ಒಂದು ಶಬ್ದದಲ್ಲಿದೆ. ಇನ್ನು ನಮ್ಮ ಬೆಳಗಾವಿ ಸೀಮೆಯಲ್ಲಿ ಕಸ ‘ಗುಡಿಸು’ವುದಕ್ಕಿಂತ ‘ಉಡುಗು’ವುದು ಹೆಚ್ಚು. ಈ ‘ಉಡುಗು’ ಎಂಬುದಕ್ಕೆ ಕುಗ್ಗು, ಕುಂದು ಎಂಬ ಅರ್ಥವೂ ಉಂಟಷ್ಟೆ. ಶಕ್ತಿ ಉಡುಗಿತು, ದನಿ ಉಡುಗಿತು ಎನ್ನುತ್ತೇವೆ. ಮೂರು ಮಾಳಿಗೆ ಉಡುಗಿ ಬಂದ ಹೆಂಗಸಿಗೆ ಈ ಎರಡು ಅರ್ಥಗಳ ನಡುವೆ ಅಂತರ ಕಾಣಲಿಕ್ಕಿಲ್ಲ. ‘ಪಗಾರ’ವೆಂಬುದು ಪೋರ್ತುಗೀಜರಿಂದ ಮರಾಠಿಗೆ ಬಂದು, ಅಲ್ಲಿಂದ ನಮ್ಮ ಕಡೆಗೆ ಇಳಿದ ಮಾತು. ಪರದೇಶದ ಮಾತಾದರೂ ಇಲ್ಲಿಯ ಬಡವರ ನಾಲಗೆಯಲ್ಲಿ ಎಷ್ಟು ಬೇಗ ನೆಲೆಯೂರಿತೆಂದರೆ, ಅದರ ಅವಶ್ಯಕತೆ ಎಷ್ಟಿತ್ತೆಂಬುದನ್ನು ಅದರಿಂದಲೇ ತಿಳಿಯಬಹುದು.

ಕಾಯಕವೆಂಬ ನಮ್ಮ ಹೆಮ್ಮೆಯ ಶಬ್ದದಲ್ಲಾದರೋ ಪಗಾರ ಮರೆತಿರಲಿಲ್ಲ. ಇದನ್ನು ನಾವು ಉತ್ಸವಗಳಲ್ಲಿ ಹೇಳುವುದು ಕಡಿಮೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅವನನ್ನು ತರುಬಿ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಇದನ್ನು ನಿರಾಸೆಯ ಉಪದೇಶವೆಂದು ಮಾತ್ರ ಓದುತ್ತೇವೆ. ಆದರೆ ದುಡಿದ ಕೈಗೆ ಎಷ್ಟು ಸಲ್ಲಬೇಕೆಂಬ ಲೆಕ್ಕ ಆ ಗಂಡಹೆಂಡಿರ ನಡುವೆ ಇದ್ದಿತೆಂಬುದನ್ನೂ ಅದು ಹೇಳುತ್ತದೆ. ಲೆಕ್ಕ ಇದ್ದುದರಿಂದಲೇ ಹೆಚ್ಚಾದುದು ಹೆಚ್ಚೆಂದು ತಿಳಿಯಿತು.

ಶಿಕಾರಿಪುರದ ಬಳಿಯ ಜಂಬೂರಿನ ಸತ್ಯಕ್ಕನನ್ನು ಈ ಸಂದರ್ಭದಲ್ಲಿ ವಿಶೇಷವಾಗಿ ನೆನೆಯಬೇಕು. ಅಂಗಳ ಉಡುಗುವುದು ಅವಳ ಕಾಯಕವೆಂದು ಪರಂಪರೆ ಹೇಳುತ್ತದೆ. ‘ಶಂಭುಜಕ್ಕೇಶ್ವರ’ ಎಂಬ ಅಂಕಿತದ ಅವಳ ವಚನಗಳಲ್ಲಿ ಬಹು ಪ್ರಸಿದ್ಧವಾದುದೊಂದುಂಟು. ಲಂಚಕ್ಕೆ ಕೈ ಒಡ್ಡೆನೆಂದೂ, ದಾರಿಯಲ್ಲಿ ಹೊನ್ನು ವಸ್ತ್ರ ಬಿದ್ದಿದ್ದರೆ ಮುಟ್ಟಿ ಎತ್ತೆನೆಂದೂ ಆಣೆಯಿಟ್ಟು ಹೇಳುವ ವಚನವದು. ಸರಕಾರಿ ಕಚೇರಿಗಳ ಗೋಡೆಯ ಮೇಲೆ ಬರೆಸಲು ಯೋಗ್ಯವಾದ ನೀತಿವಾಕ್ಯವಾಗಿ ಅದನ್ನು ನಾವು ಬಳಸಿಕೊಂಡಿದ್ದೇವೆ. ಆದರೆ ಒಂದು ಕ್ಷಣ, ಇದನ್ನು ಹೇಳುತ್ತಿರುವವಳ ಕೈಯಲ್ಲಿ ಕಸಬರಿಗೆಯಿದೆ ಎಂದುಕೊಂಡು ಓದಿರಿ. ದಾರಿಯಲ್ಲಿ ಬಿದ್ದ ಹೊನ್ನು ಯಾರ ಕಣ್ಣಿಗೆ ಮೊದಲು ಬೀಳುತ್ತದೆ? ತಲೆಯೆತ್ತಿ ನಡೆಯುವವನ ಕಣ್ಣಿಗಲ್ಲ. ಬೆಳಗಾಗುವ ಮೊದಲೇ ನೆಲ ನೋಡುತ್ತ ಬಾಗಿದವಳ ಕಣ್ಣಿಗೆ. ಮನೆಯಲ್ಲಿ ಒಡವೆ ಕಾಣದಾದರೆ ಯಾರ ಮೇಲೆ ಮೊದಲು ಸಂಶಯ ಬರುತ್ತದೆ? ಅವಳ ಮೇಲೆಯೇ. ಹೀಗೆ ಓದಿದಾಗ ಆ ಆಣೆಯು ಸಾಮಾನ್ಯ ನೀತಿಯಾಗಿ ಉಳಿಯುವುದಿಲ್ಲ. ಒಂದು ಕಸುಬಿನ ಒಳಗಿನಿಂದ, ಅದರ ನಿತ್ಯದ ಅಪಾಯದಿಂದ, ಎದ್ದು ಬಂದ ಸ್ವಾಭಿಮಾನದ ಮಾತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕನ್ನಡದಲ್ಲಿ ಕಸ ಉಡುಗುವವರ ಸ್ವಂತ ದನಿ ಮೊದಲು ಕೇಳುವುದು ಇಲ್ಲಿ. ಎಂಟುನೂರು ವರ್ಷಗಳ ಅನಂತರ ಬಂದ ‘ಜಲಗಾರ’ದಲ್ಲಿ ಅವರ ಬಗ್ಗೆ ಹೆಚ್ಚು ಎತ್ತರದ ಮಾತುಗಳಿವೆ. ಆದರೆ ಆ ಮಾತುಗಳು ಅವರವಲ್ಲ.

ಎತ್ತರದ ಮಾತಿನ ಸಮಸ್ಯೆ ಸಾಹಿತ್ಯಕ್ಕೆ ಮಾತ್ರ ಸೇರಿದುದಲ್ಲ. ನಮ್ಮ ಬೆಳಗಾವಿಯಲ್ಲಿಯೇ, ೧೯೨೪ರ ಡಿಸೆಂಬರಿನಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಲ್ಲಿಯ ಚೊಕ್ಕಟತನದ ಕೆಲಸವನ್ನು ಮೇಲುಜಾತಿಯ ತರುಣರೂ ಸ್ವಯಂಸೇವಕರಾಗಿ ಕೈಗೆತ್ತಿಕೊಂಡುದು ಆ ಕಾಲಕ್ಕೆ ದೊಡ್ಡ ಸಂಗತಿ. ಅದರ ಬೆಲೆಯನ್ನು ಕಡಿಮೆ ಮಾಡಲಾಗದು. ಆದರೆ ಸ್ವಯಂಸೇವಕನ ಕಸಬರಿಗೆ ಅಧಿವೇಶನದೊಂದಿಗೆ ಮುಗಿಯುತ್ತದೆ. ಅವನು ಅದನ್ನು ಮೂಲೆಗಿಟ್ಟು ಮನೆಗೆ ಹೋಗಬಲ್ಲನು, ಹೋದ ಮೇಲೆ ವಕೀಲನೋ ಮಾಸ್ತರನೋ ಆಗಬಲ್ಲನು. ಹುಟ್ಟಿನಿಂದ ಆ ಕೆಲಸ ಬಂದವನಿಗೆ ಕಸಬರಿಗೆಯನ್ನು ಕೆಳಗಿಡುವ ಸ್ವಾತಂತ್ರ್ಯವಿಲ್ಲ. ೧೯೪೫ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅಂಬೇಡಕರರು ಈ ಭೇದವನ್ನೇ ಬಯಲಿಗೆಳೆದರು. ಈ ದೇಶದಲ್ಲಿ ಒಬ್ಬನು ಜಾಡಮಾಲಿಯಾಗುವುದು ಕೆಲಸದಿಂದಲ್ಲ, ಹುಟ್ಟಿನಿಂದ. ಅಂಥವನಿಗೇ ನಿನ್ನ ಕೆಲಸ ಪವಿತ್ರವೆಂದು ಹೇಳುವುದು ಅವನನ್ನು ಅದರಲ್ಲಿಯೇ ಕಟ್ಟಿಹಾಕುವುದಲ್ಲವೆ ಎಂಬುದು ಅವರ ವಾದದ ತಿರುಳು. ಆ ವಾದವನ್ನು ಮನಸ್ಸಿನಲ್ಲಿಟ್ಟುಕೊಂಡು ‘ಜಲಗಾರ’ವನ್ನು ಓದುವವರಿಗೆ ಹತ್ತರಗಿಯ ಹುಡುಗನ ಪ್ರಶ್ನೆ ನಗೆಯ ವಿಷಯವಾಗಿ ಕಾಣಿಸದು.

ನೆರೆಹೊರೆಯ ಸಾಹಿತ್ಯಗಳು ಈ ಪ್ರಶ್ನೆಯನ್ನು ಹೇಗೆ ಎದುರಿಸಿದವು? ಮುಲ್ಕ್ ರಾಜ್ ಆನಂದರ ಇಂಗ್ಲಿಷ್ ಕಾದಂಬರಿ ‘ಅನ್‌ಟಚಬಲ್’ ೧೯೩೫ರದು. ಅದರ ನಾಯಕ ಬಾಖಾನಿಗೆ ಹೆಸರಿದೆ, ತಂದೆಯಿದ್ದಾನೆ, ತಂಗಿಯಿದ್ದಾಳೆ. ಕಥೆಯ ಒಂದೇ ದಿನದ ಕೊನೆಯಲ್ಲಿ ಅವನೆದುರು ಮೂರು ದಾರಿಗಳು ತೆರೆಯುತ್ತವೆ: ಕ್ರೈಸ್ತ ಪಾದ್ರಿಯ ದಾರಿ, ಗಾಂಧೀಜಿಯ ದಾರಿ, ಮತ್ತು ನೀರು ಸುರಿದು ಹೊಲಸು ಒಯ್ಯುವ ಯಂತ್ರದ ದಾರಿ. ಮೂರನೆಯದು ಕಾವ್ಯಮಯವಲ್ಲ, ಆದರೆ ಕಾದಂಬರಿಕಾರರು ಅದನ್ನು ಹೇಳಲು ನಾಚಲಿಲ್ಲ. ಮಲೆಯಾಳದಲ್ಲಿ ತಕಳಿ ಶಿವಶಂಕರ ಪಿಳ್ಳೆಯವರು ೧೯೪೭ರಲ್ಲಿ ‘ತೋಟ್ಟಿಯುಡೆ ಮಗನ್’ ಬರೆದರು. ‘ತೋಟಿಯ ಮಗ’ ಎಂದರ್ಥ. ಆಲಪ್ಪುಳದ ಮೂರು ತಲೆಮಾರಿನ ತೋಟಿಗಳ ಕಥೆಯದು. ಅಲ್ಲಿ ಮುನಸಿಪಾಲಿಟಿಯಿದೆ, ಮೇಲ್ವಿಚಾರಕನಿದ್ದಾನೆ, ಸಂಘ ಕಟ್ಟುವ ಪ್ರಯತ್ನವಿದೆ, ಸಂಘವನ್ನು ಮುರಿಯುವ ತಂತ್ರವೂ ಇದೆ. ತನ್ನ ಮಗ ತೋಟಿಯಾಗಬಾರದೆಂದು ಹಣ ಕೂಡಿಡುವ ತಂದೆಯೊಬ್ಬನಿದ್ದಾನೆ. ಅವನ ಹಣ ಯಾರ ಕೈಯಲ್ಲಿ ಮುಳುಗುತ್ತದೆಂಬುದನ್ನೂ ಕಾದಂಬರಿ ಮುಚ್ಚಿಡುವುದಿಲ್ಲ. ಪಗಾರ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ತಕಳಿಯವರಲ್ಲಿ ಪುಟಪುಟದ ಉತ್ತರವಿದೆ. ಹಿಂದಿಯ ಓಂಪ್ರಕಾಶ ವಾಲ್ಮೀಕಿಯವರ ಆತ್ಮಕಥೆ ‘ಜೂಠನ್’ ೧೯೯೭ರಲ್ಲಿ ಬಂದಿತು. ಶಾಲೆಗೆ ಓದಲು ಬಂದ ಬಾಲಕನ ಕೈಗೆ ಹೆಡ್‌ಮಾಸ್ತರರು ಕಸಬರಿಗೆ ಕೊಟ್ಟು ಕೋಣೆ, ಪಡಸಾಲೆ, ಮೈದಾನಗಳನ್ನು ದಿನವಿಡೀ ಗುಡಿಸಲು ಹಚ್ಚುತ್ತಾರೆ. ಮೂರನೆಯ ದಿನ ಆ ದಾರಿಯಲ್ಲಿ ಬಂದ ತಂದೆ ಮಗನ ಕೈಯಿಂದ ಅದನ್ನು ಕಸಿದು ಎಸೆಯುತ್ತಾನೆ. ‘ಜಲಗಾರ’ದಲ್ಲಿ ದೇವರು ಬಂದು ತಾನೂ ಜಲಗಾರನೆನ್ನುತ್ತಾನೆ, ‘ಜೂಠನ್’ನಲ್ಲಿ ತಂದೆ ಬಂದು ಕಸಬರಿಗೆ ಎಸೆಯುತ್ತಾನೆ. ಮೊದಲನೆಯದು ನಮ್ಮ ಕಣ್ಣಲ್ಲಿ ನೀರು ತರಿಸುತ್ತದೆ. ಎರಡನೆಯದು ಒಬ್ಬ ಬಾಲಕನನ್ನು ಬೆಂಚಿಗೆ ಮರಳಿಸುತ್ತದೆ.

ಕನ್ನಡದಲ್ಲಿ ಈ ತಿರುವು ಬಂದುದು ಒಂದು ಜಗಳದ ಮೂಲಕ. ೧೯೭೩ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಾತನಾಡುತ್ತ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ರಾಜ್ಯದಲ್ಲಿ ಗದ್ದಲವೆದ್ದಿತು, ವಿದ್ಯಾರ್ಥಿಗಳು ಬೀದಿಗಿಳಿದರು, ಸಚಿವರು ಸ್ಥಾನ ಬಿಡಬೇಕಾಯಿತು. ಆ ಗದ್ದಲವನ್ನು ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ಆದರೆ ಅದೇ ಬಸವಲಿಂಗಪ್ಪನವರು ಪೌರಾಡಳಿತದ ಸಚಿವರಾಗಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದವರೆಂಬುದನ್ನು ಅದರ ಪಕ್ಕದಲ್ಲಿಯೇ ಇಟ್ಟು ಹೇಳುವವರು ಕಡಿಮೆ. ಪಕ್ಕದಲ್ಲಿಟ್ಟು ನೋಡಿದರೆ ಬೂಸಾ ಎಂಬ ಮಾತಿನ ಬಣ್ಣ ಬದಲಾಗುತ್ತದೆ. ಮಲದ ಬುಟ್ಟಿಯನ್ನು ತಲೆಯಿಂದ ಇಳಿಸಲು ಹೊರಟ ಒಬ್ಬ ಮನುಷ್ಯನು ಗ್ರಂಥಭಂಡಾರದ ಕಡೆಗೆ ತಿರುಗಿ, ಈ ಬುಟ್ಟಿಯ ಬಗ್ಗೆ ನೀವು ಏನು ಬರೆದಿದ್ದೀರಿ ಎಂದು ಕೇಳಿದಂತಾಗುತ್ತದೆ. ‘ಜಲಗಾರ’ವಿದೆ ಎಂದು ನಾವು ಉತ್ತರ ಕೊಡಬಹುದಾಗಿತ್ತು, ಕೊಡಬೇಕಾಗಿಯೂ ಇತ್ತು. ಆದರೆ ಆ ಒಂದು ಹೆಸರು ಹೇಳಿದ ಮೇಲೆ ಎರಡನೆಯ ಹೆಸರಿಗಾಗಿ ತಡಕಾಡಬೇಕಾಗುತ್ತಿತ್ತು.

ಅನಂತರದ ವರ್ಷಗಳು ಫಲವತ್ತಾದುವು. ೧೯೭೫ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಿತು. ದೇವನೂರ ಮಹಾದೇವರ ಗದ್ಯ ಬಂದಿತು. ೧೯೯೪ರಲ್ಲಿ ನಮ್ಮ ಉತ್ತರದ ಸೀಮೆಯವರೇ ಆದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬಂದಿತು. ಇವರ ಬರಹಗಳಲ್ಲಿ ದುಡಿಯುವವನು ಪರರ ಬಾಯಿಂದ ಹೊಗಳಿಸಿಕೊಳ್ಳದೆ ತನ್ನ ಬಾಯಿಂದ ಮಾತಾಡಿದನು. ಆಡಳಿತದ ಕಡೆಯಲ್ಲಿಯೂ ಶಬ್ದ ಬದಲಾಯಿತು. ಎಪ್ಪತ್ತರ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿ ಈ ಕೆಲಸಗಾರರ ಬಾಳನ್ನು ಪರಿಶೀಲಿಸಿ, ಐನೂರು ಜನಸಂಖ್ಯೆಗೆ ಒಬ್ಬರಂತೆ ಕೆಲಸಗಾರರಿರಬೇಕೆಂದು ಅಳತೆ ಹಾಕಿಕೊಟ್ಟಿತು. ತೋಟಿ, ಜಾಡಮಾಲಿಗಳ ಜಾಗದಲ್ಲಿ ‘ಪೌರಕಾರ್ಮಿಕ’ ಎಂಬ ಗೌರವದ ಹೆಸರು ನೆಲೆಸಿತು. ೧೯೯೩ರಲ್ಲಿ ಒಂದು ಕಾಯಿದೆ, ೨೦೧೩ರಲ್ಲಿ ಇನ್ನೊಂದು ಕಾಯಿದೆ ಮಲ ಹೊರಿಸುವುದನ್ನು ಅಪರಾಧ ಮಾಡಿದವು. ಇವೆರಡರ ನಡುವೆ, ೨೦೧೦ರ ಜುಲೈಯಲ್ಲಿ, ಸವಣೂರಿನ ಭಂಗಿ ಸಮುದಾಯದವರು ತಮ್ಮ ಮನೆಗಳನ್ನು ತೆರವು ಮಾಡಿಸುವುದನ್ನು ಪ್ರತಿಭಟಿಸಿ, ಪುರಸಭೆಯ ಮುಂದೆ ಮಲವನ್ನು ಮೈಮೇಲೆ ಸುರಿದುಕೊಂಡರು. ಸವಣೂರು ವಿನಾಯಕ ಕೃಷ್ಣ ಗೋಕಾಕರ ಹುಟ್ಟೂರು. ಕನ್ನಡಕ್ಕೆ ಜ್ಞಾನಪೀಠದ ಕವಿಯನ್ನು ಕೊಟ್ಟ ಊರು. ಅಲ್ಲಿಯ ಜನಕ್ಕೆ ತಮ್ಮ ಮಾತನ್ನು ಕೇಳಿಸಲು ಉಳಿದಿದ್ದ ಭಾಷೆ ಅದೊಂದೇ ಆಗಿತ್ತೆಂದರೆ, ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಅದನ್ನು ಬರಿಯ ಸುದ್ದಿಯೆಂದು ಮಡಿಚಿಡುವಂತಿಲ್ಲ.

ಇಷ್ಟಾದರೂ ಕಟ್ಟಡ ಉಡುಗುವ ಹೆಂಗಸು ಕನ್ನಡ ಸಾಹಿತ್ಯದ ಮುಂಬಾಗಿಲಿಗೆ ಬಂದಿಲ್ಲ. ಬೀದಿಯ ಕೆಲಸಗಾರನು ಹಗಲ ಬೆಳಕಿನಲ್ಲಿ ಕಾಣುತ್ತಾನೆ, ಇವಳು ಕಾಣುವುದಿಲ್ಲ. ಕಚೇರಿ ತುಂಬುವ ಮೊದಲೇ ಇವಳ ಕೆಲಸ ಮುಗಿದಿರಬೇಕು. ನೆಲ ಹೊಳೆಯುತ್ತಿದ್ದರೆ ಯಾರೂ ನೋಡುವುದಿಲ್ಲ, ಹೊಳೆಯದಿದ್ದರೆ ಎಲ್ಲರೂ ನೋಡುತ್ತಾರೆ. ಹೀಗೆ, ತನ್ನ ಗುರುತನ್ನು ತಾನೇ ಒರೆಸಿಕೊಂಡು ಹೋಗುವ ಕೆಲಸವಿದು. ಪೌರಕಾರ್ಮಿಕಳೆಂಬ ಹೆಸರೂ ಇವಳಿಗಿಲ್ಲ. ಗುತ್ತಿಗೆಯ ಕಾಗದದಲ್ಲಿ ‘ಹೌಸ್‌ಕೀಪಿಂಗ್’ ಎಂದಿರುತ್ತದೆ. ಮನೆಯನ್ನು ಕಾಯುವುದೆಂದು ಆ ಮಾತಿನ ಅರ್ಥ. ಕಾಯುವ ಮನೆಯಲ್ಲಿ ಕೂಡ್ರಲು ಇವಳಿಗೊಂದು ಸ್ಟೂಲಿರುವುದು ಅಪರೂಪ.

ಹತ್ತರಗಿಯ ಹುಡುಗನಿಗೆ ನಾನು ಹೇಳಿದೆ: ನಿನ್ನ ಪ್ರಶ್ನೆಗೆ ನಾಟಕದಲ್ಲಿ ಉತ್ತರವಿಲ್ಲ, ನಿನ್ನ ತಾಯಿಯ ಒಂದು ದಿನವನ್ನು ನೀನೇ ಬರೆದು ತಾ. ಅವನು ನಾಲ್ಕು ಪುಟ ಬರೆದು ತಂದ. ಅದನ್ನು ನಾನು ಕರುಣೆಯಿಂದಲ್ಲ, ವಿಮರ್ಶಕನಾಗಿಯೇ ಓದಿದೆ. ಆರಂಭದ ಒಂದು ಪುಟ ನಮ್ಮ ಪಠ್ಯಪುಸ್ತಕಗಳ ಭಾಷೆಯಲ್ಲಿತ್ತು; ಅಲ್ಲಿ ತಾಯಿ ತ್ಯಾಗಮಯಿ, ಕಾಯಕಯೋಗಿನಿ. ಎರಡನೆಯ ಪುಟದಲ್ಲಿ ಅವನಿಗೆ ಮನೆಯ ಮಾತು ನೆನಪಾಯಿತು; ಬರಹಕ್ಕೆ ಒಮ್ಮೆಲೇ ಜೀವ ಬಂದಿತು. “ಕಸಾ ಅಂಬೂದು ನೀರ ಇದ್ದಂಗ, ಮ್ಯಾಲಿಂದ ಕೆಳಗ ಇಳೀತೈತಿ. ಅದಕ ನಮ್ಮವ್ವ ಮ್ಯಾಲಿನ ಮಾಳಗಿಯಿಂದನ ಚಾಲೂ ಮಾಡತಾಳ” ಎಂದು ಬರೆದಿದ್ದ. ಇನ್ನೊಂದು ಕಡೆ: “ಸಾಹೇಬ್ರ ಖೋಲ್ಯಾಗ ಹಾಳಿ ಬಿದ್ದಿರತಾವು, ಕಾರಕೂನರ ಖೋಲ್ಯಾಗ ಚಹಾದ ಕಪ್ಪ ಬಿದ್ದಿರತಾವು, ಮಂದಿ ಕುಂಡ್ರು ಬಾಕಿನ ಕೆಳಗ ಹರದ ಚೀಟಿ ಬಿದ್ದಿರತಾವು.” ಈ ಒಂದು ವಾಕ್ಯದಲ್ಲಿ ಒಂದು ಕಚೇರಿಯ ಅಂತಸ್ತುಗಳೆಲ್ಲ ಇವೆ. ಬಾಕಿನ ಕೆಳಗಿನ ಹರಿದ ಚೀಟಿಗಳಲ್ಲಿ, ಕೆಲಸವಾಗದೆ ಹಿಂದಿರುಗಿದ ಎಷ್ಟು ಜನರಿದ್ದಾರೋ! ಕಸವನ್ನು ಓದಬಲ್ಲವಳು ಅವಳು. ಅವಳ ಓದನ್ನು ಮಗ ಬರೆದಿದ್ದಾನೆ.

ಆ ಪುಟಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಕಚೇರಿಗಳ ಪಾವಟಿಗೆಯ ಮೂಲೆಗಳಲ್ಲಿ ಜನ ಎಲೆಯಡಿಕೆ, ಗುಟ್ಕಾ ಉಗುಳಬಾರದೆಂದು ದೇವರ ಚಿತ್ರದ ಹಂಚುಗಳನ್ನು ಕೂಡಿಸಿರುವುದನ್ನು ವಾಚಕರು ನೋಡಿರಬಹುದು. ಅವನ ತಾಯಿ ಉಡುಗುವ ಕಟ್ಟಡದಲ್ಲಿಯೂ ಅಂಥ ಹಂಚುಗಳಿವೆ, ಒಂದರಲ್ಲಿ ಶಿವನಿದ್ದಾನೆ. ಉಗುಳುವವರು ಈಗ ಶಿವನ ಮೇಲೆ ಉಗುಳುವುದಿಲ್ಲ, ಎರಡು ಗೇಣು ಬದಿಗೆ ಉಗುಳುತ್ತಾರೆ. ಸಿಡಿದ ಹನಿ ಶಿವನ ಮೇಲೂ ಬೀಳುತ್ತದೆ. ನೆಲದ ಅರಿವೆಯಿಂದ ದೇವರನ್ನು ಒರೆಸಬಾರದೆಂದು ಅವಳು ಮನೆಯಿಂದ ಬೇರೆ ತುಂಡು ಅರಿವೆ ಒಯ್ಯುತ್ತಾಳೆ. ಮೊದಲು ದೇವರನ್ನು ಒರೆಸಿ ಆ ಮೇಲೆ ಗೋಡೆಯನ್ನು ತಿಕ್ಕುತ್ತಾಳೆ. ಹುಡುಗ ಇದನ್ನು ಯಾವ ಅಲಂಕಾರವೂ ಇಲ್ಲದೆ ಬರೆದು ಮುಂದಿನ ಮಾತಿಗೆ ಹೋಗಿಬಿಟ್ಟಿದ್ದಾನೆ. ‘ಜಲಗಾರ’ದಲ್ಲಿ ಶಿವನು ಗುಡಿ ಬಿಟ್ಟು ಜಲಗಾರನ ಬಳಿಗೆ ಬಂದನು. ಇಲ್ಲಿಯೂ ಗುಡಿ ಬಿಟ್ಟು ಪಾವಟಿಗೆಯ ಮೂಲೆಗೆ ಬಂದಿದ್ದಾನೆ, ನಿಜ. ಆದರೆ ಅವನು ಬಂದುದರಿಂದ ಅವಳ ಕೆಲಸ ಹಗುರಾಗಲಿಲ್ಲ. ಒರೆಸುವ ವಸ್ತು ಒಂದು ಹೆಚ್ಚಾಯಿತು. ಕನ್ನಡದ ಒಂದು ದೊಡ್ಡ ನಾಟಕಕ್ಕೆ ಇಷ್ಟು ಗಂಭೀರವಾದ ಟೀಕೆಯನ್ನು ನಾನು ವಿದ್ವಾಂಸರ ಗ್ರಂಥಗಳಲ್ಲಿ ಓದಿರಲಿಲ್ಲ.

ಈ ಸೀಮೆಯ ಮಾತಿಗೆ ಸಾಹಿತ್ಯವನ್ನು ಹೊರುವ ಶಕ್ತಿಯಿಲ್ಲವೆಂದು ಯಾರೂ ಹೇಳಲಾರರು. ಹುಕ್ಕೇರಿ ತಾಲೂಕಿನ ಘೋಡಗೇರಿಯಿಂದ ಬಂದ ಚಂದ್ರಶೇಖರ ಕಂಬಾರರು ಘಟಪ್ರಭೆಯ ದಂಡೆಯ ಮಾತನ್ನು ಜ್ಞಾನಪೀಠದವರೆಗೆ ಒಯ್ದರು. ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿಯವರು ಗದ್ದಲದ ನಡುವೆಯೂ ದುಡಿಯುವವರ ಕಥೆಯನ್ನು ಬಿಡದೆ ಬರೆದರು. ಮಾತು ಇದೆ, ಮಾದರಿಯಿದೆ. ಬೇಕಾದುದು, ಕಸಬರಿಗೆ ಹಿಡಿದ ಮನೆಯಿಂದ ಬಂದ ಹುಡುಗ ಹುಡುಗಿಯರಿಗೆ ನಿಮ್ಮ ಮನೆಯ ಲೆಕ್ಕವೂ ಸಾಹಿತ್ಯವೇ ಎಂದು ಹೇಳುವ ಧೈರ್ಯ. ಅವರ ಬರಹದ ಮೊದಲ ಪುಟವನ್ನು ನಮ್ಮ ಎತ್ತರದ ಮಾತುಗಳು ಆಕ್ರಮಿಸಿಕೊಂಡಿರುತ್ತವೆ. ಎರಡನೆಯ ಪುಟದವರೆಗೆ ಕಾಯುವ ತಾಳ್ಮೆ ಅಧ್ಯಾಪಕರಿಗೂ ಸಂಪಾದಕರಿಗೂ ಬೇಕು.

‘ಜಲಗಾರ’ವನ್ನು ಬದಿಗಿಡಬೇಕೆಂದು ನನ್ನ ಮಾತಿನ ಅರ್ಥವಲ್ಲ. ಅದು ಬಾಗಿಲು ತೆರೆದ ಕೃತಿ. ಬಾಗಿಲು ತೆರೆದವನನ್ನು ಒಳಗಿನ ಸಾಮಾನಿನ ಪಟ್ಟಿ ಕೇಳುವುದು ನ್ಯಾಯವಲ್ಲ. ಆದರೆ ತೆರೆದ ಬಾಗಿಲಲ್ಲಿ ನೂರು ವರ್ಷ ನಿಂತು ಬಾಗಿಲನ್ನೇ ಹೊಗಳುತ್ತಿರುವುದು ನಮ್ಮ ಸೋಮಾರಿತನ. ನಾಟಕದ ಶತಮಾನೋತ್ಸವವನ್ನು ಊರೂರಿನಲ್ಲಿ ಆಚರಿಸೋಣ. ಪ್ರಯೋಗಗಳಾಗಲಿ, ಶಿವನ ಪ್ರವೇಶಕ್ಕೆ ಚಪ್ಪಾಳೆ ಬೀಳಲಿ. ಅಂದಿನ ಕರಪತ್ರದಲ್ಲಿ ನಟರ, ನಿರ್ದೇಶಕರ, ಬೆಳಕಿನವರ ಹೆಸರುಗಳ ಕೆಳಗೆ ಒಂದು ಸಾಲಿಗೆ ಜಾಗ ಬಿಡೋಣ: ಪರದೆ ಇಳಿದು ನಾವೆಲ್ಲ ಮನೆಗೆ ಹೋದ ಮೇಲೆ ಈ ರಂಗಮಂದಿರವನ್ನು ಉಡುಗುವವರ ಹೆಸರು, ಮತ್ತು ಅವರ ಪಗಾರ.